ಮೋಡೆಮ್‌ನಿಂದಾಚೆ ನಮ್ಮ ಕೆಲಸವಲ್ಲ

ನಮ್ಮ ಕೆಲಸ ಮೋಡೆಮ್ ತನಕ, ಅಲ್ಲಿಂದಾಚೆ ಇರುವುದು ಗಿರಾಕಿಯ ಹಣೆಬರಹ. ನಾನು ಕೆಲಸಕ್ಕೆ ಸೇರಿದಾಗ ಕಲಬುರಗಿಯ ಆಫೀಸಿನಲ್ಲಿ ನಮ್ಮ ದೇಶಮುಖ ಸಾಹೇಬರು ಹೇಳಿದ ಮೊದಲ ಮಾತು ಇದು. ನಾನು ನಿವೃತ್ತನಾದ ದಿನ ಶಾಲು ಹೊದಿಸಿ ಭಾಷಣ ಮಾಡುವಾಗಲೂ ಅವರು ಇದನ್ನೇ ಬೇರೆ ಬಗೆಯಲ್ಲಿ ಹೇಳಿದರು: "ಮಹಬೂಬ್ ಒಳ್ಳೆ ಕೆಲಸಗಾರ. ಆದರೆ ಗೆರೆ ದಾಟೋ ಚಟ ಒಂದಿತ್ತು." ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಶಾಲಿನಿಂದ ಈಗ ಸ್ಕೂಟರ್ ಒರೆಸುತ್ತೇನೆ.

ಹೊಸದಾಗಿ ಈ ಕೆಲಸಕ್ಕೆ ಸೇರುವ ಹುಡುಗರು ಬಸವಕಲ್ಯಾಣದ ನನ್ನ ಮನೆಗೆ ಆಗಾಗ ಬರುತ್ತಾರೆ. ಚಾಚಾ, ಛತ್ರಿಯನ್ನು ಯಾವ ಕಡೆ ತಿರುಗಿಸಬೇಕು, ಎಷ್ಟು ಬಾಗಿಸಬೇಕು ಎಂದು ಕೇಳುತ್ತಾರೆ. ಡಿಶ್ಶಿಗೆ ನಮ್ಮ ಕಡೆ ಛತ್ರಿ ಎನ್ನುವುದು. ಅದನ್ನೆಲ್ಲ ಈಗ ಮೊಬೈಲೇ ಹೇಳಿಕೊಡುತ್ತದೆ, ನನ್ನನ್ನೇಕೆ ಕೇಳಬೇಕು? ಮೊಬೈಲ್ ಹೇಳಿಕೊಡದಿರುವುದನ್ನು ಹೇಳೋಣವೆಂದು ಬಾಯಿ ತೆರೆದರೆ ಅವರಿಗೆ ಪುರುಸೊತ್ತಿಲ್ಲ, ಗಾಡಿ ಹತ್ತಿ ಹೋಗಿಬಿಡುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಕೊಹಿನೂರ ಹಳ್ಳಿಯ ಸುಜಾತಾ ಎಂಬ ಹೆಣ್ಣುಮಗಳು ಕಷ್ಟಪಟ್ಟು ಕಟ್ಟಿಕೊಂಡಿದ್ದ ಗ್ರಾಮ ಸೇವಾ ಕೇಂದ್ರ ಅವಳ ಕೈಯಿಂದ ಹೇಗೆ ಹೋಯಿತು ಎಂದು ಹೇಳುವುದೇ ನನ್ನ ಉದ್ದೇಶ. ಆದರೆ ಅದು ತಿಳಿಯಬೇಕಾದರೆ ನಮ್ಮ ಕೆಲಸ ಎಂಥದ್ದೆಂಬುದು ಮೊದಲು ತಿಳಿಯಬೇಕು.

ನಾನು ಶುರು ಮಾಡಿದ್ದು ಟಿ.ವಿ. ಛತ್ರಿಗಳಿಂದ. ಆಗಿನವು ಜಾಲರಿಯ ದೊಡ್ಡ ಛತ್ರಿಗಳು, ಮಾಳಿಗೆಗೆ ಏರಿಸಲು ನಾಲ್ಕು ಜನ ಹಗ್ಗ ಹಿಡಿಯಬೇಕಿತ್ತು. ಮೇಲೆ ನಾನು ಛತ್ರಿಯನ್ನು ಕೂದಲೆಳೆಯಷ್ಟು ಸರಿಸುವುದು, ಕೆಳಗೆ ಟಿ.ವಿ. ಮುಂದೆ ನಿಂತವನು "ಬಂತು, ಬಂತು, ಅಯ್ಯೋ ಹೋಯ್ತು" ಎಂದು ಕೂಗುವುದು. ಆಮೇಲೆ ಬ್ಯಾಂಕುಗಳಿಗೆ ಹಾಕಿದೆ. ಕಡೆಗೆ ಹಳ್ಳಿಗಳಿಗೆ ಇಂಟರ್ನೆಟ್ ಕೊಡುವ ಛತ್ರಿಗಳು ಬಂದವು. ಕೇಬಲ್ ಹೋಗದ ಊರು, ಹೋದರೂ ರಸ್ತೆ ಅಗೆಯುವವರು ಕಿತ್ತುಹಾಕಿದ ಊರು, ಮೊಬೈಲ್ ಹಿಡಿದುಕೊಂಡು ಬೇವಿನ ಮರದ ಕಟ್ಟೆ ಹತ್ತಿದರೆ ಮಾತ್ರ ಮಾತು ಕೇಳುವ ಊರು, ಇವೆಲ್ಲ ನಮ್ಮ ಪಾಲು. ಬಸವಕಲ್ಯಾಣ, ಹುಮನಾಬಾದ, ಹುಲಸೂರ ಈ ಮೂರೂ ಕಡೆ ನಾನು ಹತ್ತದ ಮಾಳಿಗೆ ಕಡಿಮೆ.

ಛತ್ರಿ ಕೂರಿಸುವುದು ಕಷ್ಟದ ಕೆಲಸ ಅಂದುಕೊಂಡಿದ್ದರೆ ತಪ್ಪು. ಅದು ಸುಖದ ಭಾಗ. ಮೇಲೆ ಗಾಳಿ ಇರುತ್ತದೆ, ಆಕಾಶದಲ್ಲಿರುವ ಉಪಗ್ರಹ ಸುಳ್ಳು ಹೇಳುವುದಿಲ್ಲ. ಕಷ್ಟ ಶುರುವಾಗುವುದು ಏಣಿ ಇಳಿದ ಮೇಲೆ. ಕಂಪನಿಯ ಪದ್ಧತಿ ಹೀಗಿತ್ತು: ಮೋಡೆಮ್‌ಗೆ ನಮ್ಮದೇ ಲ್ಯಾಪ್‌ಟಾಪ್ ಜೋಡಿಸಬೇಕು, ಒಂದು ಪುಟ ತೆರೆದು ಗಿರಾಕಿಗೆ ತೋರಿಸಬೇಕು, ಸಹಿ ಹಾಕಿಸಿಕೊಂಡು ಏಣಿ ಎತ್ತಬೇಕು. ಗಿರಾಕಿಯ ಕಂಪ್ಯೂಟರ್ ಮುಟ್ಟಕೂಡದು. ಆದರೆ ಗಿರಾಕಿ ಕೂರುವುದು ನಮ್ಮ ಲ್ಯಾಪ್‌ಟಾಪಿನ ಮುಂದಲ್ಲವಲ್ಲ! ಅವನದು ಯಾವುದೋ ಆಫೀಸು ಹರಾಜು ಹಾಕಿದ್ದು, ಇಲ್ಲವೇ ಹೈದರಾಬಾದಿನಿಂದ ಹಳೇ ಸಾಮಾನಿನ ಜೊತೆ ಬಂದದ್ದು. ಒಳಗೆ ಹಲ್ಲಿಯ ಮೊಟ್ಟೆ. ತಾಯಿತ ಕಟ್ಟಿದ ಕಂಪ್ಯೂಟರನ್ನೂ ನೋಡಿದ್ದೇನೆ. ಅದರಲ್ಲಿ ಪುಟ ತೆರೆಯದಿದ್ದರೆ ಬೈಗುಳ ಮಾತ್ರ ಛತ್ರಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಎಮ್ಮೆಯ ಬಾಳು ನನ್ನದಾಯಿತು.

ಹುಮನಾಬಾದಿನಿಂದ ಹುಡಗಿ ಎಂಬ ಊರಿಗೆ ಹೋಗುವ ದಾರಿಯಲ್ಲಿ ಒಂದು ಬೇಳೆ ಮಿಲ್ಲು. ಮಾಲೀಕರು ವೀರಣ್ಣ ಸೇಠರು, ಒಳ್ಳೆಯ ಮನುಷ್ಯ, ಚಹಾ ಕುಡಿಸದೆ ಕಳಿಸುವವರಲ್ಲ. ಛತ್ರಿ ಹಾಕಿದ ಮೇಲೆ ಮೂರು ಸಲ ನನ್ನನ್ನು ಕರೆಸಿದರು.

"ಮಹಬೂಬ್, ನಿನ್ನ ಛತ್ರಿ ಬಂದಾಗಿಂದ ನನ್ನ ಕಂಪ್ಯೂಟರ್ ಕಾವಲಿ ಆದಂಗ ಆಗ್ಯಾದ ನೋಡು. ಮ್ಯಾಲಿನ ಬಿಸಲೆಲ್ಲಾ ಆ ಛತ್ರಿಯೊಳಗ ಬಿದ್ದು ವೈರಿನ ಕೂಡ ಕೆಳಗ ಇಳದು ಬರ್ತದೇನೋ!"

"ಸೇಠ್ರೆ, ಬಿಸಲು ವೈರಿನ್ಯಾಗ ಇಳಿಯೂದಿಲ್ರಿ."

"ಹಂಗಾದ್ರ ಮದಲು ಯಾಕ ಬಿಸಿ ಆಗ್ತಿದ್ದಿಲ್ಲ?"

ಮೊದಲೂ ಆಗುತ್ತಿತ್ತು, ಅವರು ಮುಟ್ಟಿ ನೋಡುತ್ತಿರಲಿಲ್ಲ ಅಷ್ಟೆ. ನನಗೆ ತಡೆಯಲಾಗಲಿಲ್ಲ. ಡಬ್ಬಿ ಬಿಚ್ಚಿದೆ. ಒಳಗಿನ ಫ್ಯಾನು ತೊಗರಿ ಹೊಟ್ಟಿನಲ್ಲಿ ಹೂತುಹೋಗಿತ್ತು, ತಿರುಗುವುದನ್ನು ಎಂದೋ ಬಿಟ್ಟಿತ್ತು. ಅವರದೇ ಗೋದಾಮಿನ ಬ್ರಶ್ಶು ತಂದು ಬೊಗಸೆಗಟ್ಟಲೆ ಧೂಳು ತೆಗೆದೆ. ಕಂಪ್ಯೂಟರ್ ತಣ್ಣಗಾಯಿತು. ಸೇಠರು ಖುಷಿಯಾಗಿ ನನ್ನ ಚೀಲಕ್ಕೆ ಬೇಳೆ ಹಾಕಿ ಕಳಿಸಿದರು. ವಾರ ಕಳೆಯುವುದರೊಳಗೆ ಅವರ ಗುಮಾಸ್ತನ ಪ್ರಿಂಟರು ಕೆಟ್ಟಿತು. ಕೂಡಲೇ ಕಲಬುರಗಿಗೆ ಫೋನು ಹೋಯಿತು, ನಿಮ್ಮ ಮನುಷ್ಯ ಬಿಚ್ಚಿದ ಮೇಲೆ ಹೀಗಾಗಿದೆ ಎಂದು. ಸಾಹೇಬರು ನನ್ನನ್ನು ಕರೆದುಕೊಂಡು ಹೋಗಿ ಸೇಠರ ಮುಂದೆ ನಿಲ್ಲಿಸಿ ಮಾಫಿ ಕೇಳಿಸಿದರು. ಕೇಳಿದೆ. ಸೇಠರು ಮತ್ತೆ ಚಹಾ ತರಿಸಿದರು, ಈ ಸಲ ಕುಡಿಯಲು ನನಗೆ ಮನಸ್ಸಾಗಲಿಲ್ಲ.

ಹುಲಸೂರ ಕಡೆಯ ಒಂದು ಪ್ರೌಢಶಾಲೆಯದು ಇನ್ನೊಂದು ಬಗೆ. ಅಲ್ಲಿನ ಹೆಡ್‌ಮಾಸ್ತರರು ಕಂಪ್ಯೂಟರ್ ಕೋಣೆಯ ಕೀಲಿಯನ್ನು ತಮ್ಮ ಜನಿವಾರಕ್ಕೇ ಕಟ್ಟಿಕೊಂಡಂತೆ ಜೋಪಾನ ಮಾಡುತ್ತಿದ್ದರು. ಕೋಣೆ ತೆರೆದರೆ ಸಾಲಾಗಿ ಕಂಪ್ಯೂಟರುಗಳು, ಒಂದೊಂದಕ್ಕೂ ಹೂವಿನ ಚಿತ್ರದ ಗವಸು. ಗವಸು ತೆಗೆದರೆ ಒಂದೂ ಜೀವಂತ ಇಲ್ಲ. ಮಕ್ಕಳು ಕೆಡಿಸುತ್ತಾರೆಂದು ಮಕ್ಕಳನ್ನು ಒಳಗೆ ಬಿಟ್ಟಿರಲಿಲ್ಲ, ಕೆಡಿಸುವ ಕೆಲಸವನ್ನು ಇಲಿಗಳು ಮಾಡಿದ್ದವು. ಮಾರನೆಯ ದಿನ ಉದ್ಘಾಟನೆ, ಫೋಟೊ ಬೇಕು. ಮಾಸ್ತರರು ಕೈ ಮುಗಿದರು: "ಏನರ ಮಾಡ್ರಿ ಮಹಬೂಬಸಾಬ್, ಪರದಾ ಮ್ಯಾಲ ಒಂದು ಚಿತ್ರ ಮೂಡ್ಲಿ ಸಾಕು." ನನ್ನ ಲ್ಯಾಪ್‌ಟಾಪನ್ನು ಮೇಜಿನ ಕೆಳಗೆ ಇಟ್ಟು, ವೈರನ್ನು ಮೇಲಿನ ಪರದೆಗೆ ಕೊಟ್ಟೆ. ಅತಿಥಿಗಳು ಬಂದರು, ಒಬ್ಬ ಹುಡುಗಿ ಸತ್ತ ಕೀಬೋರ್ಡಿನ ಮೇಲೆ ಬೆರಳಾಡಿಸಿದಳು, ಕೆಳಗೆ ಕುಳಿತು ಪುಟ ತಿರುಗಿಸಿದವನು ನಾನು. ಚಪ್ಪಾಳೆಯೋ ಚಪ್ಪಾಳೆ. ಅದಕ್ಕೆ ಸಾಹೇಬರು ಮಾಫಿ ಕೇಳಿಸಲಿಲ್ಲ, ಬೆನ್ನು ತಟ್ಟಿದರು. ಗೆರೆ ದಾಟಿದ್ದು ಎಲ್ಲಿ ತಪ್ಪು, ಎಲ್ಲಿ ಸರಿ ಎಂಬುದು ನನಗೆ ಅಂದಿಗೂ ತಿಳಿಯಲಿಲ್ಲ, ಇಂದಿಗೂ ತಿಳಿದಿಲ್ಲ.

ಇನ್ನು ಕೊಹಿನೂರ. ಸುಜಾತಾಳ ಗಂಡ ಟಂಟಂ ಆಟೊ ಓಡಿಸುತ್ತಿದ್ದ. ಅವಳು ಪಿ.ಯು.ಸಿ. ಮುಗಿಸಿ, ಅದಾದ ಮೇಲೆ ಬಸವಕಲ್ಯಾಣಕ್ಕೆ ದಿನಾ ಬಸ್ಸಿನಲ್ಲಿ ಓಡಾಡಿ ಕಂಪ್ಯೂಟರ್ ಕಲಿತಿದ್ದಳು. ಊರಿಗೊಂದು ಸೇವಾ ಕೇಂದ್ರ ಎಂಬ ಯೋಜನೆ ಬಂದಾಗ ಅರ್ಜಿ ಹಾಕಿ, ಓಡಾಡಿ, ಜಗಳಾಡಿ, ಅದನ್ನು ತನ್ನ ಹೆಸರಿಗೆ ತಂದುಕೊಂಡಳು. ಅವರ ಓಣಿಗೆ ಊರಿನ ಇತರ ಓಣಿಯವರು ಕಾಲಿಡುತ್ತಿದ್ದದ್ದು ಕಡಿಮೆ. ಕೇಂದ್ರ ಬಂದ ಮೇಲೆ ಗೌಡರ ಮನೆಯವರೂ ಪಹಣಿ ತೆಗೆಸಲು ಇವಳ ಪಡಸಾಲೆಯ ಬೆಂಚಿನ ಮೇಲೆ ಪಾಳಿ ಹಚ್ಚಿ ಕೂರಬೇಕಾಯಿತು. ಅವಳಿಗೆ ಅದು ಬರೀ ಹೊಟ್ಟೆಪಾಡಲ್ಲ ಎಂಬುದು ನನಗೆ ಮೊದಲ ದಿನವೇ ಗೊತ್ತಾಯಿತು. ಪಡಸಾಲೆಗೆ ಸುಣ್ಣ ಬಳಿದು, ಬುದ್ಧನ ಫೋಟೊದ ಕೆಳಗೆ ಕಂಪ್ಯೂಟರ್ ಇಟ್ಟು, ಬಾಗಿಲ ಮೇಲೆ ತನ್ನ ಹೆಸರು ಬರೆಸಿದ್ದಳು.

ಛತ್ರಿ ಕೂರಿಸಿದೆ. ನಮ್ಮ ಲ್ಯಾಪ್‌ಟಾಪಿನಲ್ಲಿ ಪುಟ ಪಟ್ಟನೆ ತೆರೆಯಿತು. ಅವಳ ಕಂಪ್ಯೂಟರಿಗೆ ವೈರು ಕೊಟ್ಟರೆ ಯಾವ ಪುಟ ತೆರೆದರೂ ಕೆಂಪು ಅಕ್ಷರದ ಎಚ್ಚರಿಕೆ: ಈ ಸಂಪರ್ಕ ಸುರಕ್ಷಿತವಲ್ಲ.

"ಚಾಚಾ, ಛತ್ರಿ ಹೊಸಾದು ಅದ. ಮತ್ತ ಯಾಕ ಬರವಲ್ದು?" ಅವಳ ಮುಖ ಸಣ್ಣಗಾಗಿತ್ತು.

ನಾನು ಪರದೆಯ ಮೂಲೆ ನೋಡಿದೆ. ಹುಡುಗರೇ, ಇದೊಂದನ್ನು ನೆನಪಿಡಿ: ಹಳೆಯ ಕಂಪ್ಯೂಟರ್ ಕಂಡರೆ ಮೊದಲು ಆ ಮೂಲೆಯ ತಾರೀಖು ನೋಡಿ. ಅವಳದು ಎಷ್ಟೋ ವರ್ಷ ಹಿಂದಿನ ತಾರೀಖು ತೋರಿಸುತ್ತಿತ್ತು. ಡಬ್ಬಿಯೊಳಗೆ ರೂಪಾಯಿ ನಾಣ್ಯದಷ್ಟು ಒಂದು ಬ್ಯಾಟರಿ ಇರುತ್ತದೆ. ಕರೆಂಟು ಹೋದಾಗಲೂ ತಾರೀಖು ಮರೆಯದಂತೆ ನೋಡಿಕೊಳ್ಳುವುದು ಅದು. ಅದು ಸತ್ತರೆ ಪ್ರತಿ ಸಲ ಆರಿಸಿ ಹೊತ್ತಿಸಿದಾಗ ಕಂಪ್ಯೂಟರ್ ತಾನು ಹುಟ್ಟಿದ ವರ್ಷಕ್ಕೆ ಹೋಗಿ ಕೂರುತ್ತದೆ. ಸರ್ಕಾರದ ಪುಟಗಳು, ಬ್ಯಾಂಕಿನ ಪುಟಗಳು ತಾರೀಖು ತಾಳೆಯಾಗದಿದ್ದರೆ ಬಾಗಿಲು ತೆರೆಯುವುದಿಲ್ಲ. ಹಳೆಯ ಪಂಚಾಂಗ ಹಿಡಿದು ಈ ವರ್ಷದ ಮುಹೂರ್ತ ಕೇಳಿದರೆ ಯಾರು ಹೇಳುತ್ತಾರೆ?

"ಬ್ಯಾಟರಿ ಸತ್ತದ ಬೇಟಾ. ಸಣ್ಣ ಕೆಲಸ. ಡಬ್ಬಿ ಬಿಚ್ಚಿ ಹಾಕ್ತೀನಿ."

ನಾನು ಸ್ಕ್ರೂಡ್ರೈವರ್ ತೆಗೆದೆ. ಅವಳು ಡಬ್ಬಿಗೆ ಅಡ್ಡ ಬಂದಳು. "ಬ್ಯಾಡ್ರಿ ಚಾಚಾ. ಇದರ ಮ್ಯಾಲ ಸ್ಟಿಕ್ಕರ್ ಹಚ್ಯಾರ ನೋಡ್ರಿ. ಇದು ಹರದಿತ್ತಂದ್ರ ಕಂಪ್ಯೂಟರ್ ವಾಪಸ್ ಒಯ್ತೀವಿ ಅಂದಾರ."

ನೋಡಿದರೆ ನಿಜ. ಕಂಪ್ಯೂಟರನ್ನು ಯೋಜನೆಯವರ ಪರವಾಗಿ ಬೀದರಿನ ಒಬ್ಬ ಗುತ್ತಿಗೆದಾರ ಕೊಟ್ಟಿದ್ದ. ಹೊಸದೆಂದು ಹೇಳಿ ಹಳೆಯದನ್ನು ಕೊಟ್ಟು, ಅದನ್ನು ಯಾರೂ ಬಿಚ್ಚಿ ನೋಡದಿರಲೆಂದು ಸ್ಟಿಕ್ಕರ್ ಅಂಟಿಸಿದ್ದ. ಅವನಿಗೆ ನಾನೇ ಫೋನು ಮಾಡಿದೆ. "ಕಂಪ್ಲೇಂಟ್ ಬರಕೊಂಡೀನ್ರಿ, ನಮ್ಮ ಹುಡುಗ ಬರ್ತಾನ" ಎಂದ. ಆ ಹುಡುಗ ಎರಡು ವರ್ಷ ಬರುತ್ತಲೇ ಇದ್ದ. ದೇಶಮುಖ ಸಾಹೇಬರಿಗೆ ಫೋನು ಮಾಡಿದೆ. "ನಮ್ಮ ಲ್ಯಾಪ್‌ಟಾಪ್‌ನ್ಯಾಗ ಬಂತಲ್ಲ? ಸಹಿ ತಗೊಂಡು ಬಾ, ಹುಲಸೂರದವರು ಕಾಯಾಕತ್ತಾರ" ಎಂದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ. ಆಕಾಶದಿಂದ ಅಷ್ಟು ದೂರ ಬಂದ ಇಂಟರ್ನೆಟ್ಟು ಒಂದು ಸ್ಟಿಕ್ಕರಿನ ಮುಂದೆ ನಿಂತುಬಿಟ್ಟಿತು. ಕಡೆಗೆ ಅವಳಿಗೆ ತಾರೀಖನ್ನು ಕೈಯಿಂದ ಹೊಂದಿಸುವುದನ್ನು ತೋರಿಸಿದೆ. ಇಲ್ಲಿ ಒತ್ತು, ವರ್ಷ ಹಾಕು, ತಿಂಗಳು ಹಾಕು, ದಿನ ಹಾಕು. ಹೊಂದಿಸಿದ ಕೂಡಲೇ ಪುಟಗಳು ತೆರೆದವು. ಅವಳು ಮಗುವಿನಂತೆ ಕುಣಿದಳು. ಅವಳ ಅತ್ತೆ ಒಳಗಿನಿಂದ ಬೆಲ್ಲದ ಚಹಾ ತಂದರು.

ಆಮೇಲೆ ದಿನಾ ಬೆಳಗ್ಗೆ ಅವಳ ಮೊದಲ ಕೆಲಸ ಅದು. ಕಸ ಹೊಡೆದು, ಫೋಟೊಗೆ ಮೋಂಬತ್ತಿ ಹಚ್ಚಿ, ಗೋಡೆಯ ಕ್ಯಾಲೆಂಡರ್ ನೋಡಿ ಕಂಪ್ಯೂಟರಿಗೆ ತಾರೀಖು ಹೇಳಿಕೊಡುವುದು. ನಡುವೆ ಕರೆಂಟು ಹೋದರೆ ಮತ್ತೆ. ಆ ಕಡೆ ಹೋದಾಗಲೆಲ್ಲ ನಾನು ಇಣುಕಿ ಬರುತ್ತಿದ್ದೆ. "ಇವತ್ತ ಯಾವ ವರ್ಷದಾಗ ಅದೀಯವ್ವಾ?" ಎಂದು ಚೇಷ್ಟೆ ಮಾಡಿದರೆ, "ನಿಮ್ಮ ವರ್ಷದಾಗೇ ಅದೀನ್ರಿ ಚಾಚಾ, ಮುಂಜಾನಿಂದ ನಾಕು ಸಲ ಎಳಕೊಂಡ ಬಂದೀನಿ" ಎಂದು ನಗುತ್ತಿದ್ದಳು. ಎರಡು ವರ್ಷ ಹೀಗೇ ನಡೆಯಿತು, ಒಂದು ದಿನವೂ ತಪ್ಪಲಿಲ್ಲ.

ತಪ್ಪಿದ್ದು ವಿದ್ಯಾರ್ಥಿವೇತನದ ಅರ್ಜಿಗಳ ಕಾಲದಲ್ಲಿ. ಬಸವಕಲ್ಯಾಣದ ಕಾಲೇಜಿಗೆ ಹೋಗುವ ಊರಿನ ಹುಡುಗಿಯರೆಲ್ಲ ಅರ್ಜಿ ತುಂಬಿಸಲು ಬೆಳಗ್ಗೆಯೇ ಬಂದು ಬಾಗಿಲಲ್ಲಿ ನಿಂತಿದ್ದರು. ಹಿಂದಿನ ಸಂಜೆ ಅವಳ ಅತ್ತೆ ಮುಂದಿನ ತಿಂಗಳ ಹುಣ್ಣಿಮೆ ಯಾವತ್ತು ಬರುತ್ತದೆಂದು ನೋಡಲು ಕ್ಯಾಲೆಂಡರಿನ ಹಾಳೆ ಮಗುಚಿದ್ದರು, ಮತ್ತೆ ಹಿಂದಕ್ಕೆ ಮಗುಚಲು ಮರೆತಿದ್ದರು. ದಿನ ಸುಜಾತಾಳಿಗೆ ನೆನಪಿತ್ತು, ತಿಂಗಳನ್ನು ಗೋಡೆ ನೋಡಿ ಒತ್ತಿದಳು. ಕಂಪ್ಯೂಟರ್ ಒಂದು ತಿಂಗಳು ಮುಂದಕ್ಕೆ ಹೋಯಿತು. ವರ್ಷಗಟ್ಟಲೆ ಹಿಂದಿದ್ದರೆ ಬಾಗಿಲು ಹಾಕಿಕೊಳ್ಳುವ ಪುಟಗಳು ಒಂದು ತಿಂಗಳ ಫರಕಿಗೆ ತಕರಾರು ಮಾಡುವುದಿಲ್ಲ. ಎಲ್ಲ ಸರಿಯಾಗಿ ತೆರೆದವು. ಇಡೀ ದಿನ ಅರ್ಜಿ ಕಳಿಸಿದಳು, ರಸೀದಿ ಛಾಪಿಸಿ ಕೊಟ್ಟಳು. ಅರ್ಜಿ ಮುಟ್ಟಿದ ನಿಜವಾದ ತಾರೀಖು ಆ ಕಡೆಯ ದೊಡ್ಡ ಕಂಪ್ಯೂಟರಿನಲ್ಲಿ ಸರಿಯಾಗಿಯೇ ದಾಖಲಾಗಿತ್ತು. ಆದರೆ ಛಾಪಿಸಿದ ಹಾಳೆಯ ಮೇಲಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬೀಳುವ ತಾರೀಖು ಛಾಪಿಸುವ ಕಂಪ್ಯೂಟರಿನದು. ಹಾಗಾಗಿ ಆ ದಿನದ ರಸೀದಿಗಳೆಲ್ಲ ಇನ್ನೂ ಬರಬೇಕಾದ ತಿಂಗಳಿನ ತಾರೀಖು ಹೊತ್ತು ಕಾಲೇಜಿಗೆ ಹೋದವು.

ಕಾಲೇಜಿನ ಗುಮಾಸ್ತ ಅದನ್ನು ನೋಡಿದ. ಅರ್ಜಿ ನೋಡದವನ ಕಣ್ಣಿಗೆ ಮೂಲೆ ಕಂಡಿತು! "ಇನ್ನೂ ಹುಟ್ಟಲಾರದ ದಿನಕ್ಕ ರಸೀದಿ ಹ್ಯಾಂಗ ಕೊಟ್ಳವ್ವಾ ಆಕಿ? ಇದು ಬೋಗಸ್" ಎಂದು ಹುಡುಗಿಯರ ಮುಂದೆ ಎಸೆದ. ಯಾರೋ ಫೋಟೊ ತೆಗೆದರು. ಸಂಜೆಯೊಳಗೆ ಅದು ಎಲ್ಲ ಮೊಬೈಲುಗಳಲ್ಲಿ ಓಡಾಡಿತು: ಕೊಹಿನೂರ ಕೇಂದ್ರದಲ್ಲಿ ಖೊಟ್ಟಿ ರಸೀದಿ. ಹುಡುಗಿಯರ ಅಪ್ಪಂದಿರು ಅವಳ ಬಾಗಿಲಿಗೆ ಬಂದರು. ಎರಡು ವರ್ಷ ಅವಳ ಬೆಂಚಿನ ಮೇಲೆ ಕೂತು ಹೋಗಿದ್ದ ಜನ ಏನೇನು ಅಂದರೆಂದು ಇಲ್ಲಿ ಬರೆಯುವುದಿಲ್ಲ. ಅವಳ ಕಂಪ್ಯೂಟರಿನ ಬಗ್ಗೆ ಒಬ್ಬರೂ ಅನ್ನಲಿಲ್ಲ, ಅವಳ ಓಣಿಯ ಬಗ್ಗೆ ಅಂದರು. ತಾಲ್ಲೂಕಿನ ಕೇಂದ್ರಗಳನ್ನೆಲ್ಲ ನೋಡಿಕೊಳ್ಳುವ ಮೇಲ್ವಿಚಾರಕ ಅವಳ ಐ.ಡಿ. ಬಂದ್ ಮಾಡಿದ. ಐ.ಡಿ. ಇಲ್ಲದಿದ್ದರೆ ಕೇಂದ್ರವೂ ಇಲ್ಲ.

ಅವಳು ನನಗೆ ಫೋನು ಮಾಡಿದಾಗ ಅಳುತ್ತಿರಲಿಲ್ಲ. "ಚಾಚಾ, ಇದು ಏನಾಗ್ಯಾದ ಅಂತ ತಿಳಿಸಿ ಹೇಳೂ ಒಬ್ಬ ಮನಷ್ಯಾ ಬೇಕಾಗ್ಯಾನ. ನಾ ಹೇಳಿದ್ರ ಯಾರೂ ನಂಬವಲ್ರು. ನೀವು ಹೇಳಿದ್ರ ನಂಬ್ತಾರ. ನೀವು ಕಂಪನಿಯವ್ರು."

ಮೇಲ್ವಿಚಾರಕನ ಆಫೀಸಿಗೆ ಹೋದೆ. ಬ್ಯಾಟರಿಯ ಕಥೆ ಹೇಳಿದೆ, ಸ್ಟಿಕ್ಕರಿನ ಕಥೆ ಹೇಳಿದೆ. "ಸಾಬ್, ಆ ರಸೀದಿ ನಂಬರ್ ನಿಮ್ಮ ಕಂಪ್ಯೂಟರಿನ್ಯಾಗ ಒಮ್ಮೆ ಒತ್ತಿ ನೋಡ್ರಿ. ಖರೇ ತಾರೀಖು ಅಲ್ಲೇ ಬರ್ತದ. ಒಂದು ನಿಮಿಷದ ಕೆಲಸ" ಎಂದೆ. ಕಂಪ್ಯೂಟರ್ ಅವನ ಮುಂದೆಯೇ ಇತ್ತು, ಹೊತ್ತಿಕೊಂಡೇ ಇತ್ತು. ಅವನು ಕೈ ಚಾಚಲಿಲ್ಲ.

"ನೀವು ಛತ್ರಿ ಕಂಪನಿಯವ್ರು ಹೌದಲ್ಲೋ? ಕಂಪ್ಯೂಟರಿನ ಮಾತು ನಿಮಗ ಯಾಕ್ರಿ? ಹೇಳೂದಿದ್ರ ನಿಮ್ಮ ಸಾಹೇಬರ ಕಡಿಂದ ಬರಸ್ಕೊಂಡ್ ಬರ್ರಿ."

ಅಲ್ಲಿಂದಲೇ ಕಲಬುರಗಿಯ ಬಸ್ಸು ಹತ್ತಿದೆ. ದೇಶಮುಖ ಸಾಹೇಬರು ಕೆಟ್ಟವರಲ್ಲ. ಒಮ್ಮೆ ಹುಮನಾಬಾದಿನಲ್ಲಿ ಗಾಳಿಗೆ ಛತ್ರಿ ಕಿತ್ತು ಬಂದು ನನ್ನ ಭುಜಕ್ಕೆ ಹೊಡೆದಾಗ ತಮ್ಮ ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದವರು. ನನ್ನ ಮಗಳ ಮದುವೆಗೆ ಬಂದು ಪಂಕ್ತಿಯಲ್ಲಿ ಕೂತು ಉಂಡವರು. ನನ್ನ ಮಾತನ್ನೆಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮಹಬೂಬ್, ನೀ ಹೇಳಾಕತ್ತಿದ್ದು ನೂರಕ್ಕ ನೂರು ಖರೇ. ನನಗ ಗೊತ್ತದ."

"ಮತ್ತ ಬರದು ಕೊಡ್ರಿ ಸಾಬ್."

"ಬರದು ಕೊಟ್ರ ಏನಾಗ್ತದ? ಕಂಪ್ಯೂಟರ್ ಹಳೇದು ಅಂತ ಕಂಪನಿ ಹೇಳ್ದಂಗ ಆಗ್ತದ. ಆ ಗುತ್ತೇದಾರ ಯಾರ ಮನಷ್ಯಾ ಅಂತ ನಿನಗ ಮಾಲೂಮ್ ಅದೇನು? ಮುಂದಿನ ಊರುಗಳ ಛತ್ರಿ ಕೆಲಸ ಇದೇ ಆಫೀಸಿನಿಂದ ಬರಬೇಕಾಗ್ಯಾದ. ಮೋಡೆಮ್ ಆಚೆ ನಮಗ ಕೈ ಇಲ್ಲ, ಬಾಯೀನೂ ಇಲ್ಲ."

"ಆ ಹುಡುಗಿ ಬಾಳೇ ಹೋಗ್ತದ ಸಾಬ್."

"ನಿಂದೂ ಹೋಗ್ತದ. ಮನೀಗ ಹೋಗು."

ಇದನ್ನು ಓದುವ ಹುಡುಗರಿಗೆ ಒಂದು ಮಾತು. ಕೆಟ್ಟ ಸಾಹೇಬನ ಜೊತೆ ಕೆಲಸ ಮಾಡುವುದು ಸುಲಭ, ಬೈದುಕೊಂಡು ಇರಬಹುದು. ನಿಮ್ಮ ಮಾತು ನಿಜವೆಂದು ಒಪ್ಪಿಕೊಂಡು ಬಾಗಿಲು ಹಾಕುವ ಒಳ್ಳೆಯ ಸಾಹೇಬನ ಜೊತೆ ಕೆಲಸ ಮಾಡಿ ನೋಡಿ. ಆ ದಿನದ ಸಿಟ್ಟು ನನ್ನೊಳಗೆ ಇನ್ನೂ ಆರಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದವನು ಯಾವ ಊರಿಗೆ ಎಂದು ಕೇಳಿದ್ದಕ್ಕೂ ಹರಿಹಾಯ್ದೆ.

ಸಾಹೇಬರು ಬರೆದು ಕೊಡದಿದ್ದರೂ ನಾನು ಮೇಲ್ವಿಚಾರಕನ ಆಫೀಸಿಗೆ ಮತ್ತೆ ಮತ್ತೆ ಹೋದೆ. ಒಳಗೆ ಬಿಡುವುದನ್ನೇ ನಿಲ್ಲಿಸಿದರು. ಗುಮಾಸ್ತನಿಗೆ ಕಾಲೇಜಿನ ಕಂಪ್ಯೂಟರಿನಲ್ಲೇ ತೋರಿಸೋಣವೆಂದು ಅಲ್ಲಿಗೂ ಹೋದೆ. ಅವನಿಗೆ ತೋರಿಸಿದೆ ಕೂಡ. ನಂಬರು ಒತ್ತಿದ, ಸರಿಯಾದ ತಾರೀಖು ಬಂತು. "ಹೌದಲ್ರಿ!" ಎಂದ. ಹುಡುಗಿಯರ ಅರ್ಜಿ ತೆಗೆದುಕೊಂಡ. ಆದರೆ ತಾನು ಎಲ್ಲರ ಮುಂದೆ ಬೋಗಸ್ ಎಂದಿದ್ದೆ, ಅದು ತಪ್ಪು ಎಂದು ಎಲ್ಲರ ಮುಂದೆ ಹೇಳಲು ಅವನ ನಾಲಿಗೆ ಹೊರಳಲಿಲ್ಲ. ಆ ವರ್ಷ ಹುಡುಗಿಯರೆಲ್ಲರ ಖಾತೆಗೂ ವಿದ್ಯಾರ್ಥಿವೇತನ ಬಂತು. ಒಬ್ಬಳದೂ ತಪ್ಪಲಿಲ್ಲ. ಅಷ್ಟರಲ್ಲಿ ಸುಜಾತಾಳ ಕೇಂದ್ರವನ್ನು ರದ್ದು ಮಾಡಿ, ಪಂಚಾಯ್ತಿ ಸದಸ್ಯರೊಬ್ಬರ ತಮ್ಮ ಸಂತೋಷ ಎಂಬುವನ ಹೆಸರಿಗೆ ಬರೆದಾಗಿತ್ತು. ಬೀದರಿನ ಗುತ್ತಿಗೆದಾರನ ಹುಡುಗ ಕೊನೆಗೂ ಬಂದ. ರಿಪೇರಿಗಲ್ಲ, ಕಂಪ್ಯೂಟರ್ ಒಯ್ಯಲು. ಸ್ಟಿಕ್ಕರ್ ಹರಿದಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿದನಂತೆ. ಹರಿದಿರಲಿಲ್ಲ.

ಆಮೇಲೆ ನನಗೆ ಆರ್ಡರ್ ಬಂತು: ಕೊಹಿನೂರ ಕೇಂದ್ರದ ಛತ್ರಿಯನ್ನು ಹಳೆಯ ಜಾಗದಿಂದ ಇಳಿಸಿ ಹೊಸ ಜಾಗಕ್ಕೆ ಹಾಕುವುದು. ಬೇರೆಯವರನ್ನು ಕಳಿಸಿರೆಂದು ಬೇಡಿಕೊಂಡೆ. ಆ ವಾರ ಬೇರೆ ಯಾರೂ ಖಾಲಿ ಇರಲಿಲ್ಲ.

ಹೋದೆ. ಬಾಗಿಲ ಮೇಲಿನ ಹೆಸರಿಗೆ ಸುಣ್ಣ ಬಳಿದಿದ್ದರು, ತೆಳ್ಳಗೆ ಬಳಿದಿದ್ದರಿಂದ ಅಕ್ಷರಗಳು ಕಾಣುತ್ತಿದ್ದವು. ಪಡಸಾಲೆಯ ಬೆಂಚಿನ ಮೇಲೆ ತೊಗರಿ ಚೀಲ ಇಟ್ಟಿದ್ದರು. ಅತ್ತೆ ನನ್ನನ್ನು ನೋಡಿ ಎದ್ದು ಒಳಗೆ ಹೋದರು. ಕ್ಯಾಲೆಂಡರಿನ ಹಾಳೆ ಮಗುಚಿದ್ದು ತಾನೇ ಎಂದು ಆ ಮುದುಕಿಗೆ ಗೊತ್ತಿತ್ತು. ಸೊಸೆ ಒಂದು ಮಾತೂ ಅಂದಿರಲಿಲ್ಲವಂತೆ, ಅದೇ ಆಕೆಯನ್ನು ಹೆಚ್ಚು ಸುಡುತ್ತಿತ್ತು. ಏಣಿ ಇಡುವಾಗ ಸುಜಾತಾ ಹೊರಗೆ ಬಂದಳು.

"ಬರ್ರಿ ಚಾಚಾ. ನೀವೇ ಬರ್ತೀರಿ ಅಂತ ಗೊತ್ತಿತ್ತು."

"ನನ್ನ ಮ್ಯಾಲ ಸಿಟ್ಟಾಗಬ್ಯಾಡ ಬೇಟಾ."

"ನಿಮ್ಮ ಮ್ಯಾಲ ಯಾಕ್ರಿ ಸಿಟ್ಟು? ನೀವೊಬ್ರೇ ಹೋಗಿ ಹೇಳಿದ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಮೇಲೆ ಹತ್ತಿ ಬೋಲ್ಟು ಬಿಚ್ಚಿದೆ. ನಾನೇ ಬಿಗಿದದ್ದು, ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಛತ್ರಿ ತೆಗೆದ ಮೇಲೆ ಮಾಳಿಗೆಯಲ್ಲಿ ನಾಲ್ಕು ತೂತು ಉಳಿದವು. ಕಂಪನಿ ಹಾಕುವ ಕೆಲಸಕ್ಕೆ ಸಿಮೆಂಟಿನ ಪುಡಿ ಕೊಡುತ್ತದೆ, ಇಳಿಸುವ ಕೆಲಸಕ್ಕೆ ಕೊಡುವುದಿಲ್ಲ. ಇಳಿಸಿದ ಜಾಗದ ತೂತು ನಮ್ಮ ಕೆಲಸವಲ್ಲ. ಕೆಳಗಿನಿಂದ ಅವಳು ಕೂಗಿ ಹೇಳಿದಳು:

"ಚಾಚಾ, ತೂತು ಮುಚ್ಚಿ ಹೋಗ್ರಿ. ಮಳಿ ಬಂದ್ರ ಸೋರ್ತದ."

ಕೆಳಗಿಳಿದು ಓಣಿಯ ಕೊನೆಯಲ್ಲಿ ಗೋಡೆ ಕಟ್ಟುತ್ತಿದ್ದವರನ್ನು ಕೇಳಿ ಒಂದು ಪುಟ್ಟಿ ಸಿಮೆಂಟು ತಂದೆ. ಉಸುಕು ಕಲೆಸಿ, ನಾಲ್ಕೂ ತೂತಿಗೆ ಬೆರಳಿನಿಂದ ತುರುಕಿ, ಮೇಲೆ ಸವರಿದೆ. ಅದು ಬಿಗಿಯುವ ತನಕ ಬಿಸಿಲಿನಲ್ಲಿ ಕೂತೆ. ಅವಳು ಏಣಿ ಹತ್ತಿ ಒಂದು ಕೊಡ ನೀರು ತಂದಳು.

"ಬರೋಬರ್ ಆಗ್ಯಾದವ್ವಾ, ಸೋರೂದಿಲ್ಲ" ಎಂದೆ.

"ಇರ್ಲಿ ಚಾಚಾ. ಈ ಸಲ ನಾ ಒಳಗ ನಿಂತು ನೋಡ್ತೀನಿ. ನೀವು ಸುರುವ್ರಿ."

ಅವಳು ಇಳಿದು ಪಡಸಾಲೆಯೊಳಗೆ ಹೋದಳು. ನಾನು ತೂತುಗಳ ಮೇಲೆ ನೀರು ಸುರುವಿದೆ. ಅಷ್ಟು ವರ್ಷದ ನೌಕರಿಯಲ್ಲಿ ಎಷ್ಟು ಜನರ ಮುಂದೆ ನನ್ನ ಲ್ಯಾಪ್‌ಟಾಪ್ ತೆರೆದು ಎಲ್ಲ ಸರಿಯಾಗಿದೆ ಎಂದು ತೋರಿಸಿದ್ದೆನೋ. ಅವರು ತಮ್ಮ ಮನೆಯೊಳಗೆ ನಿಂತು ತಾವೇ ನೋಡಿ ಹೇಳಲಿ ಎಂದು ಒಮ್ಮೆಯೂ ಕಾದಿರಲಿಲ್ಲ. ಖಾಲಿ ಕೊಡ ಹಿಡಿದುಕೊಂಡು ಮಾಳಿಗೆಯ ಮೇಲೆ ನಿಂತಿದ್ದೆ.

ಬಹಳ ಹೊತ್ತಾದ ಮೇಲೆ ಕೆಳಗಿನಿಂದ ದನಿ ಬಂತು.

"ಸೋರಾಕತ್ತಿಲ್ರಿ ಚಾಚಾ. ಇಳೀರಿ ಇನ್ನ."

ಇಳಿದೆ. ಛತ್ರಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಸಂತೋಷನ ಮನೆ ಯಾವ ಕಡೆ ಎಂದು ಅವಳನ್ನೇ ಕೇಳಬೇಕಾಯಿತು. ಅವಳು ಬಾಗಿಲಿಗೆ ಬಂದು ಕೈ ತೋರಿಸಿದಳು.